ಏರ್ ಪಿಸ್ತೂಲಿಗೆ ಪೆಲೆಟ್ ಹೊಂದಿಸುವ ಬಗೆ

ಖಾಲಿ ತೋಟೆಗೆ ಮನೆಯಲ್ಲೇ ಮದ್ದುಗುಂಡು ತುಂಬಿ ಪಿಸ್ತೂಲು ಹೊಡೆಯುವುದು ಅಮೆರಿಕದಲ್ಲಿ ಮಾಮೂಲು ಹವ್ಯಾಸ. ನಮ್ಮಲ್ಲಿ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಆದ್ದರಿಂದ ಆ ಆಸೆ ಬಿಡಿ. ಆದರೆ ಗುಂಡು ಆರಿಸಿ, ತೂಗಿ, ನಳಿಗೆಗೆ ಹೊಂದಿಸುವ ಕುಸುರಿ ಕೆಲಸ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲಿನಲ್ಲೂ ಬೇಕಾದಷ್ಟಿದೆ. ಅದರ ಪುಟ್ಟ ಸೀಸದ ಗುಂಡೇ ಪೆಲೆಟ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಗಲ 4.5 ಮಿ.ಮೀ. (.177 ಇಂಚು) ಮತ್ತು ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಸುಮಾರು 6 ಜೂಲ್ ಅಷ್ಟೆ. ಕೊಂಡ ರಸೀದಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಬಾಳೆಗೊನೆಗೆ ಬರುವ ಮಂಗನಿಗೋ ಹಕ್ಕಿಗೋ ಇದನ್ನು ತಿರುಗಿಸಬೇಡಿ. 1972ರ ವನ್ಯಜೀವಿ ಕಾಯ್ದೆ ಏರ್‌ಗನ್ನನ್ನು ಆಟಿಕೆಯೆಂದು ಲೆಕ್ಕಿಸುವುದಿಲ್ಲ.

ಮೊದಲು ಜಾಗ. ಅಡಿಕೆ ಒಣಗಿಸುವ ಅಂಗಳವಿರುವ ಮನೆಯಲ್ಲಿ ಹತ್ತು ಮೀಟರ್ ಸಿಗುವುದು ಕಷ್ಟವಲ್ಲ. ನಿಲ್ಲುವ ಗೆರೆಯಿಂದ ಗುರಿಯ ಕಾಗದದವರೆಗೆ 10 ಮೀಟರ್, ನೆಲದಿಂದ ಗುರಿಯ ನಡುಬಿಂದುವಿಗೆ 1.40 ಮೀಟರ್. ಹಿಂದೆ ಮುರಕಲ್ಲಿನ ಗೋಡೆ ಇದೆ, ಸಾಕು ಎಂದುಕೊಳ್ಳಬೇಡಿ. ಮುರಕಲ್ಲಿನ ಮೈ ಒಂದೇ ಸಮವಾಗಿಲ್ಲ. ತೂತಿಗೆ ಬಿದ್ದ ಪೆಲೆಟ್ ಅಲ್ಲೇ ಉಳಿದರೆ, ಗಟ್ಟಿ ಉಬ್ಬಿಗೆ ತಾಗಿದ್ದು ಯಾವ ಕಡೆಗೂ ಚಿಮ್ಮೀತು. ಒಂದಡಿ ಅಗಲ, ಒಂದಡಿ ಎತ್ತರದ ಮರದ ಪೆಟ್ಟಿಗೆ ಮಾಡಿಸಿ. ಒಳಗೆ 3 ಮಿ.ಮೀ. ಕಬ್ಬಿಣದ ತಗಡನ್ನು ಮೇಲಂಚು ನಿಮ್ಮ ಕಡೆಗೆ ಬಾಗುವಂತೆ 45 ಡಿಗ್ರಿ ಓರೆಯಾಗಿ ಕೂರಿಸಿ, ತಳಕ್ಕೆ ಹಳೆಬಟ್ಟೆ ಹಾಕಿ. ಪೆಲೆಟ್ ತಗಡಿಗೆ ಬಡಿದು ಕೆಳಕ್ಕೆ ಬೀಳುತ್ತದೆ. ಪೆಟ್ಟಿಗೆ ತಪ್ಪಿದ ಪೆಲೆಟ್ ನೂರು ಮೀಟರ್ ದಾಟಿ ಹೋಗಬಲ್ಲದು, ಹಾಗಾಗಿ ಹಿಂದೆ ತೋಟದ ದಾರಿ ಇರಕೂಡದು. ಹೊಡೆಯುವವರಿಗೂ ನೋಡುವವರಿಗೂ ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಇನ್ನು ಪೆಲೆಟ್. ಗುರಿ ಅಭ್ಯಾಸಕ್ಕೆ ಬೇಕಾದದ್ದು ಚಪ್ಪಟೆ ತಲೆಯ ಸೀಸದ ಪೆಲೆಟ್. ಅದು ಕಾಗದದಲ್ಲಿ ಅಚ್ಚು ಹೊಡೆದಂಥ ದುಂಡು ತೂತು ಮಾಡುತ್ತದೆ. ಚೂಪು ತಲೆಯದ್ದು ಕಾಗದ ಹರಿಯುತ್ತದೆ, ಅಂಕ ಲೆಕ್ಕ ಹಾಕುವಾಗ ಜಗಳ. ಪಿಸ್ತೂಲಿಗೆಂದು ಮಾಡಿದವು ಸಾಮಾನ್ಯವಾಗಿ 0.45 ಗ್ರಾಂ (7 ಗ್ರೇನ್) ಆಸುಪಾಸು, ರೈಫಲಿನವು 0.53 ಗ್ರಾಂ. ಡಬ್ಬಿಯ ಮೇಲೆ 4.48, 4.49, 4.50 ಎಂದು ಬರೆದಿದ್ದರೆ ಅದು ತಲೆಯ ಅಳತೆ. ಯಾವ ಅಳತೆ ನಿಮ್ಮ ನಳಿಗೆಗೆ ಒಪ್ಪುತ್ತದೆಂದು ಅಂಗಡಿಯವನಿಗೂ ಗೊತ್ತಿಲ್ಲ, ಪಿಸ್ತೂಲು ಮಾಡಿದವನಿಗೂ ಗೊತ್ತಿಲ್ಲ. ಒಂದೇ ಕಂಪನಿಯ ಎರಡು ನಳಿಗೆಗಳ ರುಚಿಯೇ ಬೇರೆ. ಎರಡು ಮೂರು ಬಗೆಯ ಒಂದೊಂದು ಡಬ್ಬಿ ತಂದು ಪರೀಕ್ಷಿಸುವುದೊಂದೇ ದಾರಿ.

ಪರೀಕ್ಷೆ ಹೀಗೆ. ಹೊಯಿಗೆ ತುಂಬಿದ ಸಣ್ಣ ಚೀಲವನ್ನು ಮೇಜಿನ ಮೇಲಿಟ್ಟು ಕೈಮಣಿಕಟ್ಟನ್ನು ಅದಕ್ಕೆ ಊರಿ. ನಳಿಗೆಯನ್ನಾಗಲಿ ಗಾಳಿ ಸಿಲಿಂಡರನ್ನಾಗಲಿ ಚೀಲಕ್ಕೆ ತಾಗಿಸಬೇಡಿ. ತಾಗಿದರೆ ಪೆಲೆಟ್ ಬೀಳುವ ಜಾಗವೇ ಬದಲಾಗುತ್ತದೆ. ಬಗೆ ಬದಲಿಸಿದಾಗ ಮೊದಲ ಹತ್ತಿಪ್ಪತ್ತು ಹೊಡೆತ ಲೆಕ್ಕಕ್ಕಿಲ್ಲ, ಹಿಂದಿನ ಸೀಸದ ಪೊರೆ ಹೋಗಿ ಹೊಸದು ಕೂರಬೇಕು. ಆಮೇಲೆ ಐದೈದರಂತೆ ನಾಲ್ಕು ಗುಂಪು, ಪ್ರತಿ ಗುಂಪಿಗೂ ಹೊಸ ಕಾಗದ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆಯಿರಿ, ಉಳಿದದ್ದು ಗುಂಪಿನ ಅಗಲ. ಒಂದು ಚಂದದ ಗುಂಪು ನೋಡಿ ಹಿಗ್ಗಬೇಡಿ, ನಾಲ್ಕರ ಸರಾಸರಿ ಬರೆದಿಡಿ. ಮೂರು ಗುಂಪು ಬಿಗಿಯಾಗಿದ್ದು ನಾಲ್ಕನೆಯದರಲ್ಲಿ ಒಂದೇ ತೂತು ದೂರ ಹಾರಿದ್ದರೆ ತಪ್ಪು ಬಹುಶಃ ನಿಮ್ಮ ಬೆರಳಿನದು.

ಎಷ್ಟು ಬಿಗಿ ಸಾಕು? ಗುರಿಯ ನಡುವಿನ, ಹತ್ತು ಅಂಕದ ಉಂಗುರದ ಅಗಲ 11.5 ಮಿ.ಮೀ. ತೂತಿನ ಅಂಚು ಗೆರೆಗೆ ತಾಗಿದರೂ ಅಂಕ ಸಿಗುವುದರಿಂದ, ಪೆಲೆಟಿನ ನಡು ಗುರಿಯ ನಡುವಿನಿಂದ 8 ಮಿ.ಮೀ. ಒಳಗಿದ್ದರೆ ಹತ್ತು. ಅಂದರೆ 16 ಮಿ.ಮೀ. ಅಗಲದ ಜಾಗ. ಹೊಸಬರ ಗುಂಪು ನಿಂತು ಹೊಡೆದಾಗ ಇದರ ಹಲವು ಪಟ್ಟು ಹರಡಿರುತ್ತದೆ. ಮೊದಲ ಆರು ತಿಂಗಳು ದುಬಾರಿ ಪೆಲೆಟಿಗೆ ದುಡ್ಡು ಸುರಿಯುವುದು ದಂಡ. ಸಾಧಾರಣದ್ದು, ಆದರೆ ಒಂದೇ ಬಗೆಯದ್ದು, ಹೆಚ್ಚು ಕೊಳ್ಳಿ. ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಹಿಂದು ಮುಂದಿನ ಸೈಟುಗಳ ನಡುವೆ 32 ಸೆಂ.ಮೀ. ಇದೆಯೆಂದುಕೊಳ್ಳಿ. ಮುಂದಿನ ಸೈಟು 1 ಮಿ.ಮೀ. ಓರೆಯಾದರೆ ಗುರಿಯಲ್ಲಿ 31 ಮಿ.ಮೀ. ತಪ್ಪುತ್ತದೆ, ಸುಮಾರು ನಾಲ್ಕು ಉಂಗುರ. ಪೆಲೆಟಿನ ಯಾವ ದೋಷವೂ ಅಷ್ಟು ಕೆಡಿಸಲಾರದು.

ತೂಕ ನೋಡುವ ಹುಚ್ಚು ಹಲವರಿಗೆ. ಅಡುಗೆಮನೆಯ ತಕ್ಕಡಿ ಬಿಡಿ, 0.01 ಗ್ರಾಂ ತೋರಿಸುವ ತಕ್ಕಡಿಯೂ ಸಾಲದು. ಒಳ್ಳೆ ಡಬ್ಬಿಯ ಪೆಲೆಟ್‌ಗಳ ನಡುವಿನ ವ್ಯತ್ಯಾಸವೇ ಅಷ್ಟರೊಳಗೆ ಇರುತ್ತದೆ. ಅಕ್ಕಸಾಲಿಗರಲ್ಲಿರುವಂಥ 0.001 ಗ್ರಾಂ ತಕ್ಕಡಿ ಬೇಕು. ಅದಕ್ಕಿಂತ ಅಗ್ಗದ ಪರೀಕ್ಷೆ ಗಾಜಿನ ತುಂಡು: ಸ್ವಲ್ಪ ಓರೆಯಾಗಿಟ್ಟು ಪೆಲೆಟ್ ಉರುಳಿಸಿ. ಸರಿಯಿದ್ದವು ಒಂದೇ ಬಾಗಿನಲ್ಲಿ ಉರುಳುತ್ತವೆ, ಹಿಂಬದಿಯ ಲಂಗದಂಥ ತೆಳು ಅಂಚು ನೆಗ್ಗಿದ್ದು ಕುಂಟುತ್ತಾ ದಾರಿ ತಪ್ಪುತ್ತದೆ. ಅದನ್ನು ಕೈ ಬಿಸಿ ಮಾಡಿಕೊಳ್ಳಲು ಬಳಸಿ, ಅಂಕಕ್ಕೆ ಬೇಡ.

ಜೂನ್ ಬಂತೆಂದರೆ ನಮ್ಮ ಕಡೆ ತೊಂದರೆ ಬೇರೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ಬದಿಯ ಗಾಳಿ ಒದ್ದೆ, ಉಪ್ಪು. ತೆರೆದಿಟ್ಟ ಡಬ್ಬಿಯಲ್ಲಿ ಸೀಸದ ಮೇಲೆ ಬಿಳಿ ಹುಡಿ ಏಳುತ್ತದೆ. ಅಂಥ ಪೆಲೆಟ್ ಎಸೆಯಿರಿ, ಉಜ್ಜಿ ಬಳಸಬೇಡಿ, ಆ ಹುಡಿ ವಿಷ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಪಿಸ್ತೂಲನ್ನೂ ಹಾಗೆಯೇ. ಕೈಪಂಪಿನಿಂದ ಗಾಳಿ ತುಂಬುವವರು ಒಂದೇ ಸಮ ಒತ್ತಬಾರದು; ಪಂಪು ಬಿಸಿಯಾದಂತೆ ತೇವ ಒಳಗೆ ಹೋಗುತ್ತದೆ. ನಲವತ್ತು ಐವತ್ತು ಒತ್ತಿಗೊಮ್ಮೆ ನಿಲ್ಲಿಸಿ, ಬ್ಲೀಡ್ ಸ್ಕ್ರೂ ಬಿಚ್ಚಿ ನೀರು ಹೊರಬಿಡಿ. ಈಗಿನ ಬಹಳಷ್ಟು ಸಿಲಿಂಡರಿಗೆ 200 ಬಾರ್ ಒತ್ತಡವೇ ಮಿತಿ. ತುಂಬುವ ಬಾಯಿಗೆ ಎಣ್ಣೆ ಹಾಕಬೇಡಿ, ವೆಲ್ಡಿಂಗ್ ಶಾಪಿನ ಆಕ್ಸಿಜನ್ ತುಂಬಿಸಲೇಬೇಡಿ. ಎಣ್ಣೆ ಮತ್ತು ಆಕ್ಸಿಜನ್ ಒತ್ತಡದಲ್ಲಿ ಸೇರಿದರೆ ಸಿಡಿಯುತ್ತದೆ. ಸೆಕೆಂಡ್‌ಹ್ಯಾಂಡ್ ಪಿಸ್ತೂಲು ಕೊಳ್ಳುವಾಗ ಸಿಲಿಂಡರಿನ ಮೇಲೆ ಕೊರೆದ ತಾರೀಖು ಓದಿ. ಹೆಚ್ಚಿನವುಗಳ ಆಯುಸ್ಸು ತಯಾರಾದಲ್ಲಿಂದ ಹತ್ತು ವರ್ಷ. ಕಳೆದಿದ್ದರೆ ಹೊಸ ಸಿಲಿಂಡರಿನ ಬೆಲೆ ಚೌಕಾಸಿಯಲ್ಲಿ ಹಿಡಿಯಿರಿ.

ನಳಿಗೆಗೆ ಐನೂರು ಹೊಡೆತಕ್ಕೊಮ್ಮೆ ಎರಡು ಮೂರು ಫೆಲ್ಟ್ ಪೆಲೆಟ್ (ನಳಿಗೆ ಒರೆಸುವ ಮೆತ್ತನೆಯ ಬಟ್ಟೆಯ ಉಂಡೆ) ಒಣದಾಗಿಯೇ ಹೊಡೆದರೆ ಸಾಕು. ಮುಗಿದ ಮೇಲೆ ಸೋಪು ಹಚ್ಚಿ ತಣ್ಣೀರಲ್ಲಿ ಕೈ ತೊಳೆಯದೆ ಚಹಾ ಲೋಟ ಮುಟ್ಟಬೇಡಿ, ಪೆಲೆಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಬೇಡವೇ ಬೇಡ. ಪೆಟ್ಟಿಗೆಯ ಸುತ್ತ ಪೊರಕೆ ಹಾಕಿದರೆ ಸೀಸದ ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಅಡುಗೆಮನೆಗೆ ಹೋಗದಂತೆ ಬೇರೆ ಇಡಿ.