ಮಲ್ಪೆಯ ಚೀಟಿ ಮತ್ತು ಎಡಗಡೆಯ ಎಂಟು ಸ್ಪೇಸ್

ಮಲ್ಪೆಯ ಒಬ್ಬ ಮೀನು ವ್ಯಾಪಾರಿಗೆ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಆ ಎರಡು ತಿಂಗಳಲ್ಲೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಮುಗಿಸಿದೆ.

ಪ್ರಿಂಟರ್ ಚಿಕ್ಕದು. 58 ಮಿಲಿಮೀಟರ್ ಅಗಲದ ಪೇಪರ್ ರೋಲ್, ಸಾಲಿಗೆ 32 ಇಂಗ್ಲಿಷ್ ಅಕ್ಷರ. ಚೀಟಿಯ ನಮೂನೆಯನ್ನು ಮೂರು ಕೋಟ್ ಗುರುತಿನ ಒಳಗೆ ಹಲವು ಸಾಲಿನ ಸ್ಟ್ರಿಂಗ್ (ಪ್ರೋಗ್ರಾಂ ಅಕ್ಷರಕ್ಕಕ್ಷರ ಇಟ್ಟುಕೊಳ್ಳುವ ಬರಹ) ಆಗಿ ಬರೆದಿದ್ದೆ. ಅದು ಕ್ಲಾಸಿನ ಒಳಗಿನ ಫಂಕ್ಷನ್‌ನಲ್ಲಿ, ಅಂದರೆ ಕೋಡಿನ ಎರಡು ಹಂತ ಒಳಗೆ ಇತ್ತು. ಕೋಡಿನ ಜೊತೆ ನೇರವಾಗಿ ಕಾಣಲಿ ಅಂತ ಪ್ರತಿ ಸಾಲನ್ನೂ ಎಂಟು ಸ್ಪೇಸ್ ಒಳಗೆ ತಂದಿದ್ದೆ. ಆದರೆ ಪೈಥಾನ್‌ಗೆ ಅದು ಕೋಡಿನ ಇಂಡೆಂಟ್ (ಎಡಗಡೆ ಬಿಡುವ ಜಾಗ) ಅಲ್ಲ, ಸ್ಟ್ರಿಂಗಿನದ್ದೇ ಅಕ್ಷರ. 32ರಲ್ಲಿ 8 ಅಲ್ಲೇ ಹೋಯಿತು. ಬಂಗುಡೆ ಒಂದು ಸಾಲಿನಲ್ಲಿ, ಅದರ ರೇಟು ಕೆಳಗಿನ ಸಾಲಿನಲ್ಲಿ.

ಮೊದಲು ಎಲ್ಲಾ ಸಾಲನ್ನೂ ಎಡದ ಅಂಚಿಗೆ ಎಳೆದೆ. ಚೀಟಿ ಸರಿಯಾಯಿತು, ಕೋಡ್ ಹಾಳಾಯಿತು. ಫಂಕ್ಷನ್ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಪ್ರತಿ ಸಾಲಿಗೂ ಎಡಗಡೆಯ ಜಾಗವನ್ನೆಲ್ಲ ಅಳಿಸುವ ಎಲ್‌ಸ್ಟ್ರಿಪ್ ಹಾಕಿದೆ. ಅದು ಬೇಕಾದ ಜಾಗವನ್ನೂ ತಿಂದಿತು. ಒಟ್ಟು ಮೊತ್ತದ ಕೆಳಗೆ ಐಸ್, ಕೂಲಿಯ ಲೆಕ್ಕ ಎರಡು ಸ್ಪೇಸ್ ಒಳಗೆ ಇರಬೇಕಿತ್ತು.

ಕೊನೆಗೆ ಪೈಥಾನ್ ಜೊತೆಗೇ ಬರುವ ಟೆಕ್ಸ್ಟ್‌ವ್ರ್ಯಾಪ್ ಮಾಡ್ಯೂಲಿನ ಡಿಡೆಂಟ್ ಬಳಸಿದೆ. ಎಲ್ಲಾ ಸಾಲಿಗೂ ಸಮಾನವಾಗಿರುವ ಎಡಗಡೆಯ ಜಾಗ ಎಷ್ಟು ಅಂತ ನೋಡಿ ಅಷ್ಟನ್ನು ಮಾತ್ರ ತೆಗೆಯುತ್ತದೆ. ಖಾಲಿ ಸಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಟ್ ತೆರೆದ ಸಾಲಿನಲ್ಲೇ ಬರಹ ಶುರು ಮಾಡಬಾರದು. ಮಾಡಿದರೆ ಆ ಸಾಲಿನ ಎಡಗಡೆ ಜಾಗವೇ ಇಲ್ಲ, ಹಾಗಾಗಿ ಡಿಡೆಂಟ್ ಏನನ್ನೂ ತೆಗೆಯುವುದಿಲ್ಲ. ಕೋಟ್ ಆದ ಕೂಡಲೇ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಕೆಳಗಿನ ಸಾಲಿಗೆ ಹೋದರೆ ಮೇಲೊಂದು ಖಾಲಿ ಸಾಲೂ ಬರುವುದಿಲ್ಲ.

ಆಗಸ್ಟ್‌ನಲ್ಲಿ ಬೋಟುಗಳು ಮೀನು ತಂದವು. ವ್ಯಾಪಾರಿಯ ಫೋನ್ ಬಂತು. “ಎಂತ ಮಾರಾಯ್ರೆ, ಕೆಲವು ಚೀಟಿ ಸರಿ ಬರ್ತದೆ, ಕೆಲವು ಪುನಃ ಹಾಗೇ ಆಗ್ತದೆ.”

ಬೋಟುಗಳು ಮೀನು ಇಳಿಸುವ ದಕ್ಕೆಗೆ ಹೋದೆ. ಐಸ್ ಪೆಟ್ಟಿಗೆಯ ಮೇಲೆ ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಬಗೆಯ ಮೀನಿದ್ದರೆ ಸರಿ. ಎರಡಿದ್ದರೆ ಬಂಗುಡೆ ಎಂಟು ಸ್ಪೇಸ್ ಒಳಗೆ, ಬೂತಾಯಿ ಎಡದ ಅಂಚಿಗೆ ಅಂಟಿಕೊಂಡು. ಆಗ ಹೊಳೆಯಿತು. ನಾನು ಬರೆದದ್ದು ಎಫ್-ಸ್ಟ್ರಿಂಗ್, ಅಂದರೆ ಖಾಲಿ ಬಿಟ್ಟ ಜಾಗಗಳಿಗೆ ವಿವರಗಳನ್ನು ಆಗಲೇ ತುಂಬಿಕೊಳ್ಳುವ ಸ್ಟ್ರಿಂಗ್. ಮೀನಿನ ಪಟ್ಟಿ ಮೊದಲೇ ಒಳಗೆ ಸೇರಿ, ಆಮೇಲೆ ಡಿಡೆಂಟ್ ನಡೆಯುತ್ತಿತ್ತು. ಪಟ್ಟಿಯ ಮೊದಲ ಸಾಲಿಗೆ ನಮೂನೆಯ ಎಂಟು ಸ್ಪೇಸ್ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಸಮಾನವಾದ ಜಾಗ ಸೊನ್ನೆ. ಡಿಡೆಂಟ್ ಸುಮ್ನೆ ಕೂತಿತು.

ಕೋಟ್‌ಗೆ ಮೊದಲು ಹಾಕಿದ್ದ ಎಫ್ ಅಕ್ಷರ ತೆಗೆದೆ. ಬರೀ ನಮೂನೆಗೆ ಮೊದಲು ಡಿಡೆಂಟ್, ಆಮೇಲೆ ಫಾರ್ಮ್ಯಾಟ್‌ನಿಂದ ಮೀನು, ತೂಕ, ರೇಟು ತುಂಬಿಸಿದೆ. ಒಂದೇ ಸಾಲಿನ ಬದಲಾವಣೆ. ಕೋಟ್ಲಿನ್ ಭಾಷೆಯ ಟ್ರಿಮ್‌ಇಂಡೆಂಟ್‌ನಲ್ಲೂ ಇದೇ ಹೊಂಡ ಇದೆ, ಅಲ್ಲೂ ವಿವರಗಳು ಮೊದಲು ತುಂಬಿಕೊಳ್ಳುತ್ತವೆ. ಜಾವಾ ಭಾಷೆ ಮಾಡಿದ್ದು ನನಗೆ ಜಾಸ್ತಿ ಇಷ್ಟ. 2020ರಲ್ಲಿ ಬಂದ ಜಾವಾ 15ರಿಂದ ಟೆಕ್ಸ್ಟ್ ಬ್ಲಾಕ್ (ಹಲವು ಸಾಲಿನ ಸ್ಟ್ರಿಂಗ್) ಭಾಷೆಯಲ್ಲೇ ಇದೆ. ಪ್ರೋಗ್ರಾಂ ಓಡುವ ಮೊದಲು, ಕಂಪೈಲ್ ಆಗುವಾಗಲೇ ಎಡದ ಜಾಗ ಹೋಗುತ್ತದೆ, ಮುಚ್ಚುವ ಮೂರು ಕೋಟ್ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯ. ಡಿಡೆಂಟ್‌ಗೆ ಟ್ಯಾಬ್ ಬೇರೆ, ಸ್ಪೇಸ್ ಬೇರೆ. ಒಂದು ಸಾಲಿನ ಶುರುವಿನಲ್ಲೇ ಟ್ಯಾಬ್ ನುಗ್ಗಿದರೂ ಸಾಕು, ಸಮಾನವಾದ ಜಾಗ ಮತ್ತೆ ಸೊನ್ನೆ. ಎಡಿಟರ್‌ನಲ್ಲಿ ಟ್ಯಾಬ್ ಒತ್ತಿದರೆ ಸ್ಪೇಸ್ ಬೀಳುವ ಹಾಗೆ ಇಟ್ಟುಕೊಂಡಿದ್ದೇನೆ.

ಮನೆಯಲ್ಲಿ ಪರೀಕ್ಷೆ ಮಾಡುವಾಗ ಬಂಗುಡೆ ಒಂದನ್ನೇ ಹಾಕಿ ನೋಡಿದ್ದೆ. ಈಗ ಬಂಗುಡೆ, ಬೂತಾಯಿ, ಅಂಜಲ್ ಮೂರೂ ಇವೆ.