ಸ್ಲೈಡ್ ಫಿಲ್ಮು ದುಬಾರಿಯಾದ ಕಾಲದಲ್ಲಿ ಒಂದು ರೋಲನ್ನು ಪೂರ್ತಿ ಬಳಸಿಕೊಳ್ಳೋದು ಹೇಗೆ

ಸ್ಲೈಡ್ ಫಿಲ್ಮು ಅಂದರೆ ತೊಳೆದ ಮೇಲೆ ಫಿಲ್ಮಿನ ಮೇಲೇ ನಿಜ ಬಣ್ಣದ ಚಿತ್ರ ಮೂಡುವ ಫಿಲ್ಮು. ಮೂವತ್ತಾರು ಫ್ರೇಮಿನ ಒಂದು ಸ್ಲೈಡ್ ರೋಲು ಈಗ ಎರಡು ಸಾವಿರ ರೂಪಾಯಿಗೆ ಕಡಿಮೆ ಸಿಗಲ್ಲ. ತೊಳೆಸುವ ಖರ್ಚು, ಹೋಗಿ ಬರುವ ಕೊರಿಯರ್ ಎಲ್ಲ ಸೇರಿದರೆ ಒಂದು ಸಲ ಶಟರ್ ಒತ್ತಿದ್ದಕ್ಕೆ ನೂರು ರೂಪಾಯಿಯ ಹತ್ತಿರ ಬೀಳುತ್ತದೆ. ದರ್ಶಿನಿಯಲ್ಲಿ ನಿಂತು ತಿನ್ನುವ ಒಂದು ಮಸಾಲೆ ದೋಸೆ, ಮೇಲೊಂದು ಕಾಫಿ. ಪ್ರತಿ ಕ್ಲಿಕ್ಕಿಗೂ!

ಜಯನಗರದ ನಮ್ಮ ಮನೆಗೆ ಅಜ್ಜನ ಕಾಲದ ಕ್ಯಾಮೆರಾ ಹಿಡಿದುಕೊಂಡು ಬರುವ ಹುಡುಗ ಹುಡುಗಿಯರು ಮೊದಲು ಕೇಳೋದೇ ಇದು: "ಆಂಟಿ, ಸ್ಲೈಡ್ ಫಿಲ್ಮು ಅಗ್ಗಕ್ಕೆ ಎಲ್ಲಿ ಸಿಗುತ್ತೆ?" ಎಲ್ಲೂ ಸಿಗಲ್ಲಪ್ಪ. ಕೊಳ್ಳೋದರಲ್ಲಿ ಉಳಿಸೋದಕ್ಕೆ ಏನೂ ಉಳಿದಿಲ್ಲ. ಉಳಿಸೋದಿದ್ದರೆ ಕೆಡಿಸದೆ ಇರೋದರಲ್ಲಿ. ಎಲ್ಲ ಸೇರಿ ರೋಲಿಗೆ 3,600 ರೂಪಾಯಿ ಅಂತ ಇಟ್ಟುಕೊಳ್ಳಿ. ಆರು ಸ್ಲೈಡು ಚೆನ್ನಾಗಿ ಬಂದರೆ ಒಂದಕ್ಕೆ ಆರು ನೂರು. ಹದಿನೆಂಟು ಬಂದರೆ ಇನ್ನೂರು. ಯಾವ ಅಂಗಡಿಯವನೂ ನಿಮಗೆ ಇಷ್ಟು ಡಿಸ್ಕೌಂಟ್ ಕೊಡಲ್ಲ.

ಬೆಲೆ ಯಾಕೆ ಏರಿತು ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಡಾಕ್‌ನವರು ಕೊಡಾಕ್ರೋಮ್ ಅನ್ನೋ ಸ್ಲೈಡ್ ಫಿಲ್ಮನ್ನು 2009ರಲ್ಲಿ ನಿಲ್ಲಿಸಿದರು. 2012ರಲ್ಲಿ ಎಕ್ಟಾಕ್ರೋಮ್ ಕೂಡ ಹೋಯಿತು. ಆಮೇಲೆ 2018ರಲ್ಲಿ ಎಕ್ಟಾಕ್ರೋಮ್ ಇ100 ಅಂತ ವಾಪಸ್ ಬಂತು. ಫ್ಯೂಜಿಯವರು ಒಂದೊಂದೇ ಫಿಲ್ಮು ಕಡಿಮೆ ಮಾಡುತ್ತ ಬಂದರು. ಜಪಾನಿನಲ್ಲೇ 2019ರಲ್ಲಿ ಕನಿಷ್ಠ ಶೇ. 30, 2022ರಲ್ಲಿ ಶೇ. 20ರಿಂದ 60ರಷ್ಟು ಬೆಲೆ ಏರಿಸಿದರು. ಮಾಡುವವರು ಇಬ್ಬರು, ಕೊಳ್ಳುವವರು ಕಡಿಮೆ, ನಮ್ಮಲ್ಲಿಗೆ ಬರುವ ಹೊತ್ತಿಗೆ ಕಸ್ಟಮ್ಸು, ಜಿಎಸ್‌ಟಿ. ಬೆಲೆ ಇಳಿಯುತ್ತೆ ಅಂತ ಕಾಯೋದರಲ್ಲಿ ಅರ್ಥ ಇಲ್ಲ.

ಹಾಗಾದರೆ ಏನು ಕೊಳ್ಳಬೇಕು? ಈಗ ಹೊಸದಾಗಿ ಸಿಗೋದು ಎಕ್ಟಾಕ್ರೋಮ್ ಇ100, ಫ್ಯೂಜಿಯ ಪ್ರೊವಿಯಾ 100ಎಫ್, ವೆಲ್ವಿಯಾ. ಮೊದಲ ಸಲ ಹಾಕುವವರು ಎಕ್ಟಾಕ್ರೋಮೋ ಪ್ರೊವಿಯಾವೋ ತಗೊಳ್ಳಿ, ಯಾವುದು ಸಿಕ್ಕಿದರೆ ಅದು. ವೆಲ್ವಿಯಾ ಬಣ್ಣವನ್ನು ಎಳೆದು ಎಳೆದು ತೋರಿಸುತ್ತದೆ. ಜನವರಿ, ಫೆಬ್ರವರಿಯಲ್ಲಿ ನಮ್ಮ ಬೀದಿಗಳಲ್ಲಿ ಅರಳುವ ಗುಲಾಬಿ ಬಣ್ಣದ ಟಬೆಬುಯಾಕ್ಕೆ ಅದರಂಥ ಫಿಲ್ಮು ಇನ್ನೊಂದಿಲ್ಲ. ಮನುಷ್ಯರ ಮುಖಕ್ಕೆ ಮಾತ್ರ ಬೇಡ. ಮುಖ ಎಲ್ಲ ಕೆಂಪಗಾಗುತ್ತದೆ.

ಹಳೇ ಸಾಮಾನಿನ ಆ್ಯಪುಗಳಲ್ಲಿ ಅವಧಿ ಮುಗಿದ ಸ್ಲೈಡ್ ಫಿಲ್ಮು ಅರ್ಧ ರೇಟಿಗೆ ಕಾಣಿಸುತ್ತದೆ. ಫ್ರೀಜರಿನಲ್ಲೇ ಇತ್ತು ಅಂತ ಗೊತ್ತಿದ್ದರೆ ಮಾತ್ರ ಕೈ ಹಾಕಿ. ಅವಧಿ ಮುಗಿದ ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಜಾಸ್ತಿ ಕೊಟ್ಟರೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಸ್ಲೈಡಿಗೆ ಆ ದಾರಿಯೂ ಇಲ್ಲ. ಕಪ್ಪು ಮಾಸಲಾಗುತ್ತದೆ, ಬಣ್ಣ ಒಂದು ಕಡೆ ವಾಲುತ್ತದೆ. ಅರ್ಧ ರೇಟಿಗೆ ಕೊಂಡು ಪೂರ್ತಿ ರೇಟಿಗೆ ತೊಳೆಸಬೇಕು, ಗೊತ್ತಲ್ಲ.

ಕೊಂಡ ಫಿಲ್ಮನ್ನು ಡಬ್ಬಿ ಸಮೇತ ಜಿಪ್ ಕವರಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ನಮ್ಮ ಮನೆಯಲ್ಲಿ ದೋಸೆ ಹಿಟ್ಟಿನ ಪಾತ್ರೆ ಹಿಂದೆ ಅದಕ್ಕೊಂದು ಜಾಗ ಇದೆ. "ತಿನ್ನೋಕೂ ಆಗಲ್ಲ, ಎಸೆಯೋಕೂ ಆಗಲ್ಲ, ಏನಮ್ಮ ಇದು" ಅಂತ ನಮ್ಮತ್ತೆ ಈಗಲೂ ಕೇಳುತ್ತಾರೆ. ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ಒಂದೆರಡು ಗಂಟೆ ಹಾಗೇ ಬಿಡಿ. ಇಲ್ಲದಿದ್ದರೆ ತಣ್ಣಗಿನ ಫಿಲ್ಮಿನ ಮೇಲೆ ನೀರು ಕೂರುತ್ತದೆ. ವಿಮಾನದಲ್ಲಿ ಹೋಗುವಾಗ ಚೆಕ್-ಇನ್ ಬ್ಯಾಗಿಗೆ ಫಿಲ್ಮು ಹಾಕಲೇಬೇಡಿ. ಕೈಚೀಲದಲ್ಲಿ, ಪಾರದರ್ಶಕ ಕವರಿನಲ್ಲಿ ಇಟ್ಟುಕೊಂಡು ಕೈಯಲ್ಲೇ ಪರೀಕ್ಷೆ ಮಾಡಿ ಅಂತ ಸೆಕ್ಯುರಿಟಿಯವರನ್ನು ವಿನಯವಾಗಿ ಕೇಳಿ. ಹಳೇ ಎಕ್ಸ್‌ರೇ ಯಂತ್ರದಲ್ಲಿ ನೂರರ ಸ್ಪೀಡಿನ (ಐಎಸ್‌ಒ 100, ಅಂದರೆ ಬೆಳಕಿಗೆ ಅಷ್ಟು ಚುರುಕಲ್ಲದ) ಫಿಲ್ಮು ಒಂದೆರಡು ಸಲ ಹೋಗಿ ಬಂದರೆ ಏನೂ ಆಗಲ್ಲ. ಹೊಸ ಸಿಟಿ ಸ್ಕ್ಯಾನರ್ ಹಾಗಲ್ಲ, ಒಂದೇ ಸಲಕ್ಕೆ ಕೆಡಿಸಬಹುದು.

ಈಗ ಮುಖ್ಯ ವಿಷಯ. ದುಡ್ಡು ಹಾಳಾಗೋದು ಬೆಳಕಿನ ಲೆಕ್ಕದಲ್ಲಿ.

ಬೆಳಕು ಎರಡರಷ್ಟಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧವಾದರೆ ಒಂದು ಸ್ಟಾಪ್ ಕಡಿಮೆ. ನೆಗೆಟಿವ್ ಫಿಲ್ಮಿನಲ್ಲಿ ಎರಡು ಸ್ಟಾಪ್ ಹೆಚ್ಚು ಬೆಳಕು ಬಿದ್ದರೂ ಪ್ರಿಂಟ್ ಹಾಕುವಾಗ ಸರಿಮಾಡಬಹುದು. ಸ್ಲೈಡಿನಲ್ಲಿ ನೀವು ತೆಗೆದ ಫಿಲ್ಮೇ ಕೊನೆಯ ಚಿತ್ರ. ಬೆಳಕು ಹೆಚ್ಚಾದ ಕಡೆ ಬಣ್ಣವೇ ಇರಲ್ಲ, ಬರೀ ಗಾಜಿನ ಹಾಗೆ ತಿಳಿ ಫಿಲ್ಮು. ಅಲ್ಲಿಂದ ಏನನ್ನೂ ವಾಪಸ್ ತರೋಕಾಗಲ್ಲ. ಒಟ್ಟು ಐದು ಸ್ಟಾಪಿನಷ್ಟು ವ್ಯತ್ಯಾಸವನ್ನು ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೇ ನೆರಳಿನ ಚಿಂತೆ ಬಿಡಿ, ಬೆಳ್ಳಗಿರುವ ಕಡೆ ಲೆಕ್ಕ ಹಾಕಿ. ಅನುಮಾನ ಇದ್ದರೆ ಮೂರನೇ ಒಂದು ಸ್ಟಾಪ್ ಕಡಿಮೆ ಮಾಡಿ.

ಬೆಳಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿದ್ದೀರಿ ಅಂದುಕೊಳ್ಳಿ. ಎದುರಿಗೆ ಮಲ್ಲಿಗೆ ರಾಶಿ, ಫ್ರೇಮ್ ತುಂಬ ಬಿಳಿ. ನನ್ನ ನಿಕಾನ್ ಎಫ್‌ಎಂ2 ಕ್ಯಾಮೆರಾದ ಬೆಳಕಿನ ಮೀಟರು ಶಟರ್ 1/60 ಸೆಕೆಂಡು, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್4 ಅನ್ನುತ್ತದೆ. ಹಾಗೇ ಒತ್ತಿದರೆ ಮಲ್ಲಿಗೆ ಸಿಮೆಂಟಿನ ಬಣ್ಣಕ್ಕೆ ಬರುತ್ತದೆ. ಮೀಟರಿಗೆ ಮಲ್ಲಿಗೆ ಅಂತ ಗೊತ್ತಿಲ್ಲ, ಎಲ್ಲವನ್ನೂ ನಡು ಬೂದು ಮಾಡೋದೇ ಅದರ ಕೆಲಸ. ಒಂದೂವರೆ ಸ್ಟಾಪ್ ತೆರೆಯಿರಿ, ಅಂದರೆ ಅಷ್ಟು ಬೆಳಕು ಹೆಚ್ಚು ಕೊಡಿ. 1/30ಕ್ಕೆ ಇಳಿಸಿ, ಅಪರ್ಚರ್ ರಿಂಗನ್ನು ನಾಲ್ಕಕ್ಕೂ 2.8ಕ್ಕೂ ಮಧ್ಯ ನಿಲ್ಲಿಸಿ. ಈಗ ಹೂವು ಬೆಳ್ಳಗೆ, ಎಸಳಿನ ಅಂಚೂ ಉಳಿಯುತ್ತದೆ. ಎರಡು ಸ್ಟಾಪಿನ ಮೇಲೆ ಹೋದಿರೋ, ಎಸಳು ಮಾಯ. ಪಕ್ಕದಲ್ಲೇ ಕಪ್ಪು ಕಂಬಳಿ ಹೊದ್ದು ಕೂತ ಅಜ್ಜಿ ಫ್ರೇಮ್ ತುಂಬಿದರೆ ಲೆಕ್ಕ ತಿರುಗುಮುರುಗು. ಅಲ್ಲಿ ಒಂದು ಸ್ಟಾಪ್ ಮುಚ್ಚಬೇಕು. ಅಂದಹಾಗೆ, ಅಜ್ಜಿಯನ್ನು ಒಂದು ಮಾತು ಕೇಳಿ ತೆಗೆಯಿರಿ. ಒಂದು ಮೊಳ ಹೂ ತಗೊಂಡರೆ ಇನ್ನೂ ಒಳ್ಳೇದು.

ಇದೆಲ್ಲ ತಲೆಬಿಸಿ ಅನ್ನಿಸಿದರೆ ಅಂಗೈ ಇದೆಯಲ್ಲ! ನಿಮ್ಮ ವಸ್ತುವಿನ ಮೇಲೆ ಬಿದ್ದಿರುವ ಬೆಳಕೇ ಅಂಗೈ ಮೇಲೂ ಬೀಳುವ ಹಾಗೆ ಹಿಡಿಯಿರಿ. ಕ್ಯಾಮೆರಾ ಹತ್ತಿರ ತಂದು ಅಂಗೈಯನ್ನಷ್ಟೇ ಅಳೆಯಿರಿ. ಬಂದ ಲೆಕ್ಕಕ್ಕಿಂತ ಒಂದು ಸ್ಟಾಪ್ ತೆರೆಯಿರಿ. ಮೈಬಣ್ಣ ಹೇಗೇ ಇರಲಿ, ಅಂಗೈ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಥರ. ಕ್ಯಾಮೆರಾದ ನೆರಳು ಅಂಗೈ ಮೇಲೆ ಬೀಳಬಾರದು, ಅಷ್ಟೇ.

ಮಧ್ಯಾಹ್ನದ ಬಿಸಿಲಿಗೆ ಮೀಟರೇ ಬೇಡ. ನೂರರ ಫಿಲ್ಮಿಗೆ 1/125, ಎಫ್16. ಆದರೆ ಏಪ್ರಿಲ್ ಮಧ್ಯಾಹ್ನ ಸ್ಲೈಡ್ ಹಾಕಿಕೊಂಡು ಹೋಗೋದು ದುಡ್ಡು ಸುಟ್ಟ ಹಾಗೆ. ಮರದ ಕೆಳಗೆ ಕಗ್ಗತ್ತಲು, ರಸ್ತೆ ಮೇಲೆ ಬೆಂಕಿ. ಐದು ಸ್ಟಾಪಿಗೆ ಎಲ್ಲಿ ಹಿಡಿಸುತ್ತೆ? ಸ್ಲೈಡಿಗೆ ಬೆಂಗಳೂರಿನ ಒಳ್ಳೇ ಕಾಲ ಜೂನ್‌ನಿಂದ ಸೆಪ್ಟೆಂಬರ್. ತೆಳು ಮೋಡ, ಮೆತ್ತಗಿನ ಬೆಳಕು, ಮಳೆ ನಿಂತ ಮೇಲೆ ಲಾಲ್‌ಬಾಗಿನ ಎಲೆಗಳು ತೊಳೆದಿಟ್ಟ ಹಾಗೆ. ಎಲ್ಲರೂ ಬಿಸಿಲು ಬರಲಿ ಅಂತ ಕಾಯುತ್ತಾರೆ, ನಾನು ಮೋಡ ಬರಲಿ ಅಂತ ಕಾಯುತ್ತೇನೆ. ಒಂದೇ ತೊಂದರೆ, ಮೋಡದಲ್ಲೂ ನೆರಳಲ್ಲೂ ಸ್ಲೈಡು ಸ್ವಲ್ಪ ನೀಲಿಗೆ ತಿರುಗುತ್ತದೆ. 81ಎ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. ಆ ಬಿಳಿ ಆಕಾಶವನ್ನು ಮಾತ್ರ ಫ್ರೇಮಿನಿಂದ ಹೊರಗಿಡಿ.

ರೋಲು ಹಾಕುವ ಮುಂಚೆ ಕ್ಯಾಮೆರಾವನ್ನೂ ಒಂದು ಸಲ ಪರೀಕ್ಷೆ ಮಾಡಿ. ಬೋಳು ಗೋಡೆಯೊಂದನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ 100ಕ್ಕೆ ಅಳೆದು, ಹಳೇ ಕ್ಯಾಮೆರಾದ ಮೀಟರು ಅದನ್ನೇ ಹೇಳುತ್ತಾ ನೋಡಿ. ಅರ್ಧ ಸ್ಟಾಪ್ ವ್ಯತ್ಯಾಸ ಬಂದರೆ ಐಎಸ್‌ಒ ಡಯಲಿನಲ್ಲೇ ಸರಿಮಾಡಿಕೊಳ್ಳಿ. ಹಳೇ ಶಟರುಗಳು 1/1000ದಲ್ಲಿ ನಿಧಾನ ಆಗಿರುವುದು ಸಾಮಾನ್ಯ. ನೆಗೆಟಿವ್ ಹಾಕುವವರಿಗೆ ಇದು ಗೊತ್ತೇ ಆಗಲ್ಲ. ಸ್ಲೈಡಿನಲ್ಲಿ ಗೊತ್ತಾಗುತ್ತದೆ.

ಪ್ರತಿಯೊಂದಕ್ಕೂ ಮೂರು ಮೂರು ಬ್ರಾಕೆಟ್ ಮಾಡೋದು, ಅಂದರೆ ಒಂದೇ ಚಿತ್ರವನ್ನು ಬೆಳಕು ಹೆಚ್ಚು ಕಡಿಮೆ ಮಾಡಿ ಮತ್ತೆ ಮತ್ತೆ ತೆಗೆಯೋದು, ಫಿಲ್ಮು ಅಗ್ಗವಾಗಿದ್ದ ಕಾಲದ ಅಭ್ಯಾಸ. ಬಿಟ್ಟುಬಿಡಿ. ಚಿತ್ರ ನಿಜಕ್ಕೂ ಬೇಕೇ ಬೇಕು ಅನ್ನಿಸಿದರೆ ಎರಡು ತೆಗೆಯಿರಿ, ಎರಡನೆಯದು ಅರ್ಧ ಸ್ಟಾಪ್ ಕಡಿಮೆ. ಫೋನಿನಲ್ಲಿ ಮೊದಲು ಒಂದು ತೆಗೆದು ನೋಡಿ. ಅದರಲ್ಲೇ ಸಪ್ಪೆ ಅನ್ನಿಸಿದರೆ ಸ್ಲೈಡಿನಲ್ಲೂ ಸಪ್ಪೆಯೇ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಈ ಊರಿನಿಂದಲೇ ಕಾಡಿಗೆ ಹೋಗಿ ಫಿಲ್ಮಿನಲ್ಲಿ ಹಕ್ಕಿ, ಪ್ರಾಣಿ ತೆಗೆದವರು. ಅವರಿಗೆ ಹಿಂದೆ ನೋಡಿಕೊಳ್ಳೋಕೆ ಸ್ಕ್ರೀನ್ ಇರಲಿಲ್ಲ. ನಮಗಿದೆ, ಬಳಸಿಕೊಳ್ಳೋಣ.

ತೊಳೆಸೋದಕ್ಕೆ ಬರೋಣ. ಸ್ಲೈಡಿಗೆ ಬೇಕಾದ್ದು ಇ-6 ಪ್ರಕ್ರಿಯೆ. ಮಾಮೂಲಿ ಕಲರ್ ನೆಗೆಟಿವಿನದ್ದು ಸಿ-41. ಕೌಂಟರಿನಲ್ಲಿ ಕೂತ ಹುಡುಗ ಎರಡೂ ಒಂದೇ ಅಂದುಕೊಂಡು ಸಿ-41ಕ್ಕೆ ಹಾಕಿದರೆ ನಿಮ್ಮ ಸ್ಲೈಡು ವಿಚಿತ್ರ ಬಣ್ಣದ ನೆಗೆಟಿವ್ ಆಗಿ ವಾಪಸ್ ಬರುತ್ತದೆ. ಅದಕ್ಕೇ ಬಿಲ್ಲಿನ ಮೇಲೆ "ಇ-6" ಅಂತ ಬರೆಸಿ. ರೋಲಿನ ಮೇಲೂ ಮಾರ್ಕರಿನಲ್ಲಿ ಬರೆಯಿರಿ. ಕೊಡುವ ಮುಂಚೆ ಫೋನ್ ಮಾಡಿ, ಕೆಮಿಕಲ್ ಹೊಸದಾಗಿ ಕಲಸೋದು ಯಾವಾಗ ಅಂತ ಕೇಳಿ. ಈಗ ಯಾವ ಲ್ಯಾಬಿಗೂ ದಿನಾ ಓಡಿಸುವಷ್ಟು ಸ್ಲೈಡ್ ಬರಲ್ಲ. ಹೊಸ ಬ್ಯಾಚಿಗೆ ನಿಮ್ಮ ರೋಲು ಬಿದ್ದರೆ ಬಣ್ಣ ಶುದ್ಧವಾಗಿ ಬರುತ್ತದೆ. ನಾಲ್ಕೈದು ಸ್ನೇಹಿತರು ರೋಲು ಒಟ್ಟುಮಾಡಿ ಕಳಿಸಿದರೆ ಕೊರಿಯರ್ ದುಡ್ಡೂ ಹಂಚಿಹೋಗುತ್ತದೆ. ಆದರೆ ತೆಗೆದ ರೋಲನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ. ಅಲ್ಲಿಯವರೆಗೆ ಫ್ರಿಜ್ಜಿನಲ್ಲಿರಲಿ.

ಮನೆಯಲ್ಲೇ ತೊಳೆಯಬಹುದಾ? ಬಹುದು. ಮೂರು ದ್ರಾವಣದ ಕಿಟ್ಟುಗಳು ಸಿಗುತ್ತವೆ. ಕಷ್ಟ ಇರೋದು ಮೊದಲ ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ಮೊದಲ ದ್ರಾವಣದಲ್ಲಿ. 38 ಡಿಗ್ರಿ ಇರಬೇಕು, ಕೊಡಾಕ್‌ನವರ ಲೆಕ್ಕದಲ್ಲಿ 0.3 ಡಿಗ್ರಿಗಿಂತ ಆಚೀಚೆ ಆಗಬಾರದು. ಗೀಸರ್ ನೀರು, ಬಕೆಟ್ಟು, ಅಂದಾಜು, ಇವು ಸಾಲದು. ಅಡುಗೆಗೆ ಬಳಸುವ, ನೀರನ್ನು ಒಂದೇ ಬಿಸಿಯಲ್ಲಿಡುವ ಸೂ-ವೀಡ್ ಹೀಟರನ್ನು ನೀರಿನ ಟಬ್ಬಿಗೆ ಸಿಕ್ಕಿಸಿ, ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿದರೆ ಕೆಲಸ ಸಲೀಸು. ಕಲಸಿದ ಕೆಮಿಕಲ್ ಜಾಸ್ತಿ ದಿನ ನಿಲ್ಲಲ್ಲ. ಐದಾರು ರೋಲು ಸೇರಿದ ಮೇಲೇ ಕಲಸಿ. ಒಂದೇ ರೋಲಿಗಾದರೆ ಲ್ಯಾಬೇ ಮೇಲು.

ಲ್ಯಾಬಿನವರಿಗೆ ಮೌಂಟ್ (ಸ್ಲೈಡಿನ ಚೌಕಟ್ಟು) ಬೇಡ, ಸ್ಲೀವಿನಲ್ಲಿ (ಪ್ಲಾಸ್ಟಿಕ್ ಹಾಳೆಯಲ್ಲಿ) ಹಾಕಿ ಕೊಡಿ ಅನ್ನಿ. ಲೈಟ್ ಪ್ಯಾಡ್ ಮೇಲೆ ಇಟ್ಟು ನೀವೇ ಆರಿಸಿ. ಲೂಪ್ (ಭೂತಗನ್ನಡಿ) ಕೊಳ್ಳಬೇಕಿಲ್ಲ, 50 ಎಂಎಂ ಲೆನ್ಸನ್ನು ತಿರುಗಿಸಿ ಕಣ್ಣಿಗೆ ಹಿಡಿದರೆ ಐದು ಪಟ್ಟು ದೊಡ್ಡದಾಗಿ ಕಾಣುತ್ತದೆ. ಚೆನ್ನಾಗಿರೋದಕ್ಕೆ ಮಾತ್ರ ಮೌಂಟ್ ಹಾಕಿ, ಅದರ ಮೇಲೆ ಪೆನ್ಸಿಲಿನಲ್ಲಿ ಶಟರ್, ಅಪರ್ಚರ್ ಬರೆದಿಡಿ. ಮುಂದಿನ ರೋಲಿಗೆ ಅದೇ ಪಾಠ. ಇಡೋದಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನಮ್ಮ ಮಳೆಗಾಲದ ಬೂಷ್ಟಿಗೆ ಸ್ಲೈಡಿನ ಜೆಲಾಟಿನ್ ಅಂದರೆ ಬಲು ಇಷ್ಟ. ಪಿವಿಸಿ ಹಾಳೆ ಬೇಡ, ಪಾಲಿಪ್ರೊಪಿಲೀನ್ ಅಂತ ಕೇಳಿ ತಗೊಳ್ಳಿ.

ಗೋಡೆ ಮೇಲೆ ಹಾಕಿ ನೋಡುವ ಆಸೆ ಇದ್ದೇ ಇರುತ್ತದೆ. ಕೊಡಾಕ್‌ನವರು ಸ್ಲೈಡ್ ಪ್ರೊಜೆಕ್ಟರ್ ಮಾಡೋದನ್ನು 2004ರಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ಸೆಕೆಂಡ್ ಹ್ಯಾಂಡೇ ಗತಿ. ಕೊಳ್ಳುವ ಮುಂಚೆ ಹತ್ತು ನಿಮಿಷ ಓಡಿಸಿ, ಫ್ಯಾನ್ ತಿರುಗುತ್ತಾ, ಟ್ರೇ ಸಿಕ್ಕಿಹಾಕಿಕೊಳ್ಳುತ್ತಾ ನೋಡಿ. ಬಲ್ಬಿನ ನಂಬರ್ ಬರೆದುಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆಯಿರಿ. ಬಲ್ಬು ಸಿಕ್ಕಿದ ಮೇಲೆ ಪ್ರೊಜೆಕ್ಟರಿಗೆ ದುಡ್ಡು ಕೊಡಿ.