ಕುದುರೆ ಲದ್ದಿ: ಒಣಗಿದ್ದೆಲ್ಲ ಕಳಿತದ್ದಲ್ಲ

ಕುದುರೆ ಸವಾರಿ ಕಲಿಸುವ ಕಡೆ, ಮೈಸೂರಾದರೆ ಟಾಂಗಾದವರ ಹತ್ತಿರ ಕೇಳಿ ನೋಡಿ, ಗಿಡಗಳಿಗೆ ಗೊಬ್ಬರ ಮಾಡೋಕೆ ಲದ್ದಿ ಸಿಗುತ್ತದೆ. ಚೀಲಕ್ಕೆ ತುಂಬುವ ಮುಂಚೆ ಕುದುರೆ ಕಾಲಡಿ ಏನು ಹಾಸಿದ್ದಾರೆ ಗಮನಿಸಿ. ಹುಲ್ಲಾದರೆ ಒಳ್ಳೆಯದು. ಮರದ ಹೊಟ್ಟು ಜಾಸ್ತಿ ಇದ್ದರೆ ಕಳಿಯುವುದು ಬಹಳ ನಿಧಾನ, ನಾನಂತೂ ತರುವುದಿಲ್ಲ. ಗ್ಲೌಸ್ ಹಾಕಿಕೊಳ್ಳಿ, ಲದ್ದಿಯಲ್ಲಿ ಧನುರ್ವಾಯು ರೋಗಾಣು ಇರಬಹುದು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ತಾರಸಿಯಲ್ಲಿ ಎರಡು ವಾರ ಒಣಗಿಸಿ, ವಾಸನೆ ಹೋಯಿತು ಅಂತ ಸೀದಾ ಕುಂಡಕ್ಕೆ ಸುರಿಯುತ್ತಾರೆ. ಅದರಲ್ಲಿ ಹೋಗಿದ್ದು ನೀರು ಮಾತ್ರ! ನೀರು ಬಿದ್ದ ಕೂಡಲೇ ಮತ್ತೆ ಕೊಳೆಯೋಕೆ ಶುರು. ಪಕ್ಕದ ಮನೆಯವರ ದಾಸವಾಳದ ಎಲೆ ಅಂಚು ಒಂದೇ ವಾರಕ್ಕೆ ಸುಟ್ಟ ಹಾಗಾಗಿತ್ತು. ಆಮೇಲೆ ಕುಂಡದ ತುಂಬ ಹುಲ್ಲು. ಕುದುರೆ ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ ಅಲ್ವಾ, ತಿಂದ ಬೀಜ ಎಷ್ಟೋ ಹಾಗೇ ಹೊರಗೆ ಬರುತ್ತದೆ.

ಹಾಗಾಗಿ ಗುಡ್ಡೆ ಹಾಕಬೇಕು. ಉದ್ದ, ಅಗಲ, ಎತ್ತರ ಮೂರೂ 3 ಅಡಿ ಇರಲಿ, ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಪದರ ಪದರಕ್ಕೂ ನೀರು ಚಿಮುಕಿಸಿ, ಒಂದು ಹಿಡಿ ತೆಗೆದು ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ, ಧಾರೆ ಸುರಿದರೆ ಒಣ ಎಲೆ ಸೇರಿಸಿ. ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿಡಿ. ನಾಲ್ಕನೇ ದಿನ ಎಳೆದು ಮುಟ್ಟಿದರೆ ಕೈ ಚುರ್ ಅನ್ನಬೇಕು. ಒಳಗೆ 60 ಡಿಗ್ರಿ ಆಸುಪಾಸು ಕಾವಿದ್ದರೆ ಬೀಜಗಳು ಸಾಯುತ್ತವೆ. ಒಳಗೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಗಿ ಪುಡಿಪುಡಿಯಾಗಿದ್ದರೆ ಗೊಬ್ಬರ ರೆಡಿ ಅಂತ ಖುಷಿಪಡಬೇಡಿ, ಅದು ನೀರಿಲ್ಲದೆ ಒಣಗಿದೆ. ಸರಳು ತಣ್ಣಗಾದಾಗಲೆಲ್ಲ ಹೊರಗಿನದು ಒಳಗೆ ಹೋಗುವಂತೆ ಮಗುಚಿ ನೀರು ಹಾಕಿ. ಮಗುಚಿದರೂ ಕಾವೇರದಿದ್ದರೆ ಮಳೆ ಬೀಳದ ಹಾಗೆ ಟಾರ್ಪಾಲು ಮುಚ್ಚಿ ಮರೆತುಬಿಡಿ. ಒಟ್ಟು ಐದಾರು ತಿಂಗಳು.

ಬೇಗ ಕೊಳೆಸುವ ಪುಡಿಗೆ ಸುಮ್ನೆ ದುಡ್ಡು ಹಾಕಬೇಡಿ, ಒಂದು ಬುಟ್ಟಿ ಹಳೇ ಗೊಬ್ಬರ ಸಾಕು. ‘ಪೂರ್ತಿ ಕಳಿತದ್ದು’ ಅಂತ ಬರೆದ ಚೀಲ ಒಮ್ಮೆ ನಾನೂ ತಂದಿದ್ದೆ. ಬಾಯಿ ಬಿಚ್ಚಿದರೆ ಮೂಗು ಉರಿಯುವಷ್ಟು ಘಾಟು.

ಅನುಮಾನ ಇದ್ದರೆ ಅರ್ಧ ಗೊಬ್ಬರ, ಅರ್ಧ ಮಣ್ಣಿನಲ್ಲಿ ಮೆಂತ್ಯ ಬಿತ್ತಿ. ಸಮನಾಗಿ ಮೊಳೆತು ಹಸಿರಾಗಿ ನಿಂತರೆ ಬಳಸಿ. ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು. ಬೆಳೆದ ಗಿಡಕ್ಕೆ ಎರಡು ಹಿಡಿ, ಬುಡಕ್ಕೆ ತಾಗದಂತೆ ಸುತ್ತ ಹಾಕಿ.

ಹಾಕುವ ಮುಂಚೆ ಜರಡಿ ಹಿಡಿಯಿರಿ. ಬಿಳಿ ಗೊಣ್ಣೆಹುಳು ಸಿಕ್ಕರೆ ಆರಿಸಿ ತೆಗೆಯಿರಿ, ಬೇರು ತಿನ್ನುವ ಜಾತಿಯೂ ಅದರಲ್ಲಿರುತ್ತದೆ. ಮನೆಯಲ್ಲಿ ಕೋಳಿ ಇದ್ದರೆ ಅದರ ಮುಂದೆ ಹಾಕಿ, ಒಂದೂ ಉಳಿಯುವುದಿಲ್ಲ.